ಈ ವಾರ ಎಲ್ಲರಿಗೂ ಸ್ವಕಲಿಕೆ

ದಸರಾ ರಜೆಗೆ ಮುಂಚಿನ ವಾರ. ನಾಗಮಂಗಲ ಕಡೆಯ ಯಾವುದಾದರೂ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿ ನೋಡಿ, ಮೇಜಿನ ಮೇಲೆ ಪಾಠ ಯೋಜನೆ ಅಚ್ಚುಕಟ್ಟಾಗಿ ಕೂತಿರುತ್ತದೆ: ನಾಲ್ಕನೇ ತರಗತಿಗೆ ಭಾಗಾಕಾರ, ಐದಕ್ಕೆ ಭಿನ್ನರಾಶಿ, ಕಲಿಕಾ ಫಲ, ಚಟುವಟಿಕೆ, ಕೆಳಗೆ ಮುಖ್ಯ ಶಿಕ್ಷಕರ ಸಹಿ. ಯೋಜನೆ ಬರೆದವರೂ ಸಹಿ ಹಾಕಿದವರೂ ಒಬ್ಬರೇ. ಶಾಲೆಯಲ್ಲಿರುವುದೇ ಇಬ್ಬರು. ಒಬ್ಬರು ಒಂದರಿಂದ ಮೂರರವರೆಗಿನ ಮಕ್ಕಳು ಒಟ್ಟಿಗೆ ಕೂತು ಕಲಿಯುವ ನಲಿ-ಕಲಿ ಕೊಠಡಿಯಲ್ಲಿ. ಇನ್ನೊಬ್ಬರಿಗೆ ನಾಲ್ಕು, ಐದು ಮತ್ತು ಮುಖ್ಯ ಶಿಕ್ಷಕರ ಇನ್‌ಚಾರ್ಜ್. 60 ಮಕ್ಕಳವರೆಗೆ ಇಬ್ಬರು ಸಾಕು ಎನ್ನುತ್ತದೆ 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ. ಮಕ್ಕಳನ್ನು ಎಣಿಸಿದರು, ವಾಟ್ಸಾಪ್ ಗ್ರೂಪುಗಳನ್ನು ಎಣಿಸಲಿಲ್ಲ.

ಸೋಮವಾರ ಪ್ರಾರ್ಥನೆ ಮುಗಿಯುವ ಮೊದಲೇ ಸಿಆರ್‌ಪಿ, ಅಂದರೆ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಯ ಸಂದೇಶ: "ಅತಿ ಜರೂರು. ಇಂದು 11 ಗಂಟೆಯೊಳಗೆ. ತಪ್ಪಿದಲ್ಲಿ ನೀವೇ ಹೊಣೆ." ಪಾಪ, ಅವರಿಗೂ ಮೇಲಿನಿಂದ ಬಂದದ್ದೇ. ಕೇಳಿರುವುದು ಮಕ್ಕಳ ಸಂಖ್ಯೆ. ಗಂಡು, ಹೆಣ್ಣು, ಜಾತಿವಾರು. ಅದು ರಾಜ್ಯದ ಎಸ್‌ಎಟಿಎಸ್ ಪೋರ್ಟಲ್‌ನಲ್ಲಿದೆ, ಕೇಂದ್ರದ ಯೂಡೈಸ್‌ನಲ್ಲೂ ಇದೆ, ಎರಡನ್ನೂ ತೆರೆದು ನೋಡುವ ಲಾಗಿನ್ ಕೇಳಿದವರ ಕೈಯಲ್ಲೇ ಇದೆ. ಆದರೂ ಎಕ್ಸೆಲ್‌ನಲ್ಲಿ ಸಾಫ್ಟ್ ಕಾಪಿ, ಜೊತೆಗೆ ಸೀಲು ಸಹಿ ಹಾಕಿದ ಎರಡು ಪ್ರತಿ, ಖುದ್ದಾಗಿ. 11ಕ್ಕೆ ತಾಲ್ಲೂಕು ತಲುಪಬೇಕಾದರೆ 10ರ ಬಸ್ಸು. ಭಾಗಾಕಾರ ಮಂಗಳವಾರಕ್ಕೆ ಹೋಯಿತು. ಮಂಗಳವಾರ ಅದೇ ಮಾಹಿತಿ ಗೂಗಲ್ ಫಾರಂನಲ್ಲಿ ಬೇಕಾಯಿತು.

ಬೆಳಗಿನ ಹಾಲು ಮಾತ್ರ ಯಾವ ಜರೂರಿಗೂ ಬಗ್ಗುವುದಿಲ್ಲ. 2013ರಲ್ಲಿ ಬಂದ ಕ್ಷೀರಭಾಗ್ಯದ ಲೆಕ್ಕ ನಿಖರ: ಮಗುವಿಗೆ 18 ಗ್ರಾಂ ಪುಡಿ, 150 ಮಿ.ಲೀ. ಹಾಲು. 40 ಮಕ್ಕಳಿಗೆ 720 ಗ್ರಾಂ, ಆರು ಲೀಟರ್. ಪುಡಿಯನ್ನು ಮೊದಲು ಸ್ವಲ್ಪ ಉಗುರುಬೆಚ್ಚಗಿನ ನೀರಿನಲ್ಲಿ ಕಲಸಿಕೊಂಡು ಆಮೇಲೆ ಪಾತ್ರೆಗೆ ಬಿಡಬೇಕು. ಕುದಿಯುವ ನೀರಿಗೆ ಒಟ್ಟಿಗೆ ಸುರಿದರೆ ಗಂಟು ಕಟ್ಟುತ್ತದೆ. ಅಡುಗೆಯಮ್ಮನಿಗೆ ಇದು ಗೊತ್ತು. ಒಂದೇ ದಿನ ಆರು ಆದೇಶ ಸುರಿಯುವವರಿಗೆ ಗೊತ್ತಿಲ್ಲ.

ಬುಧವಾರ ಅಪಾರ್. ವಿದ್ಯಾರ್ಥಿಗಳ 12 ಅಂಕಿಯ ಈ ಗುರುತು ಸಂಖ್ಯೆಗೆ ಪೋಷಕರ ಒಪ್ಪಿಗೆ ಪತ್ರ ಬೇಕು, ಅಂದರೆ ಯೋಜನೆ ಐಚ್ಛಿಕ. ಗುರಿ ಮಾತ್ರ ಶೇ 100. ಮಗುವಿನ ಹೆಸರು, ಹುಟ್ಟಿದ ದಿನ, ಲಿಂಗ, ಈ ಮೂರೂ ಶಾಲೆಯ ದಾಖಲೆಗೂ ಆಧಾರ್‌ಗೂ ತಾಳೆಯಾಗಬೇಕು. ದಾಖಲಾತಿ ಪುಸ್ತಕದಲ್ಲಿ ಹುಡುಗ ಚಂದನ್ ಎಂ. ಆಧಾರ್‌ನಲ್ಲಿ ಕೊನೆಗೊಂದು ಇಂಗ್ಲಿಷ್ 'ಎ' ಹೆಚ್ಚಾಗಿ ಬಿದ್ದು ಚಂದನ ಆಗಿದ್ದಾನೆ, ಇನಿಷಿಯಲ್ ಜಾಗದಲ್ಲಿ ಅಪ್ಪನ ಪೂರ್ತಿ ಹೆಸರು ಬಂದು ಕೂತಿದೆ. ಆಧಾರ್ ತಪ್ಪಿದ್ದರೆ ಜನನ ಪ್ರಮಾಣಪತ್ರ ಹಿಡಿದು ಆಧಾರ್ ಕೇಂದ್ರಕ್ಕೆ. ಶಾಲೆಯದು ತಪ್ಪಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ. ಜನನ ಪ್ರಮಾಣಪತ್ರದಲ್ಲಿ ಮೂರನೆಯದೇ ಹೆಸರಿದ್ದರೆ ಎಲ್ಲಿಗೆ ಎಂದು ಯಾರನ್ನೂ ಕೇಳಬೇಡಿ, ಮೂರೂ ಕಡೆಗೆ ಕಳಿಸುತ್ತಾರೆ. ಐದು ತುಂಬಿದ ಮೇಲೆ ಬೆರಳಚ್ಚು, ಕಣ್ಣುಪಾಪೆ ಕೊಟ್ಟು ಆಧಾರ್ ನವೀಕರಿಸಬೇಕು, ಹಾಗಾಗಿ ಒಂದನೇ ತರಗತಿಯವರದ್ದು ಬೇರೆಯೇ ಸಾಲು. ಕಬ್ಬು ಕಡಿಯುವ ಅಪ್ಪ ಒಂದು ದಿನದ ಕೂಲಿ ಬಿಡಬೇಕು. "ಮಿಸ್ಸೋರೆ, ನಾನ್ ಕೂಗುದ್ರೆ ಓ ಅಂತನೆ, ಹೆಸ್ರು ಸರ್ಯಾಗೇ ಅದೆ" ಎಂಬ ತಾಯಿಯ ವಾದವನ್ನು ಅಪ್‌ಲೋಡ್ ಮಾಡಲು ಪೋರ್ಟಲ್‌ನಲ್ಲಿ ಜಾಗವಿಲ್ಲ.

ಇಷ್ಟು ಹೊತ್ತೂ ನಲಿ-ಕಲಿ ಕೊಠಡಿ ನಡೆಯುತ್ತಲೇ ಇದೆ. 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೇಷ್ಟ್ರುಗಳೇ ಕೂತು ಕಟ್ಟಿದ ಪದ್ಧತಿ ಅದು: ಕಾರ್ಡು, ಕಲಿಕಾ ಏಣಿ, ಮೈಲಿಗಲ್ಲು, ಮಕ್ಕಳು ಗುಂಪಾಗಿ ಕೂರುವ ಐದು ತಟ್ಟೆ. ಮೊದಲ ತಟ್ಟೆಗೆ ಶಿಕ್ಷಕರ ಪೂರ್ಣ ನೆರವು, ಎರಡನೆಯದಕ್ಕೆ ಭಾಗಶಃ, ಮುಂದಿನ ಎರಡಕ್ಕೆ ಸಹಪಾಠಿಗಳದ್ದು, ಐದನೆಯದು ಸ್ವಕಲಿಕೆ. ಹೊಸ ಅಕ್ಷರದ ಪರಿಚಯ ಆಗುವುದು ಮೊದಲ ತಟ್ಟೆಯಲ್ಲಿ. ಅಲ್ಲಿ ಮಿಸ್ಸು ಕೂರದಿದ್ದರೆ ಮಗು ಏಣಿಯ ಮುಂದಿನ ಮೆಟ್ಟಿಲು ಹತ್ತುವುದಿಲ್ಲ, ಹಳೇ ಕಾರ್ಡನ್ನೇ ಮತ್ತೆ ತಿದ್ದುತ್ತದೆ. ಮಿಸ್ಸು ಬಾಗಿಲ ಬಳಿ ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸುತ್ತಿದ್ದಾರೆ. ಈ ವಾರ ಐದೂ ತಟ್ಟೆ ಐದನೆಯದೇ. ವಿನೂತನ ಪ್ರಯೋಗವೆಂದು ವರದಿ ಕಳಿಸಬಹುದು, ಜಿಯೋ ಟ್ಯಾಗ್ ಫೋಟೊ ಸಹಿತ.

ಗುರುವಾರ ಮಕ್ಕಳ ಸ್ಪರ್ಧೆಗಳ ಪ್ರತಿಭಾ ಕಾರಂಜಿ. ಶುಕ್ರವಾರ ತರಬೇತಿ. ವಿಷಯ: ಬೋಧನಾ ಅವಧಿಯ ಸಮರ್ಪಕ ಬಳಕೆ. ಅವಧಿ: ಶಾಲೆಯ ಪೂರ್ತಿ ಅವಧಿ.

ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ ಇದೆ. ಅದನ್ನು ಯಾರೂ ಮುರಿದಿಲ್ಲ. ಮೊಟ್ಟೆ ಎಣಿಕೆ, ಖಾತೆಗೆ ಆಧಾರ್ ಜೋಡಣೆ, ಶೌಚಾಲಯದ ಫೋಟೊ ಎಲ್ಲವೂ ಶೈಕ್ಷಣಿಕವೇ. ಪತ್ರದ ನೆತ್ತಿಯಲ್ಲಿ ಶಿಕ್ಷಣ ಇಲಾಖೆ ಎಂದು ಅಚ್ಚಾಗಿದೆಯಲ್ಲ. ಐದನೇ ತರಗತಿವರೆಗೆ ವರ್ಷಕ್ಕೆ 200 ದಿನ, 800 ಗಂಟೆ ಬೋಧನೆ ಎಂದೂ ಅದೇ ಕಾಯ್ದೆ ಹೇಳುತ್ತದೆ. ದಿನಕ್ಕೆ ನಾಲ್ಕು ಗಂಟೆ ಆಯಿತು. ನೆಟ್‌ವರ್ಕ್ ಹುಡುಕಿಕೊಂಡು ನೀರಿನ ಟ್ಯಾಂಕಿನ ಬಳಿ ನಿಂತ ಗಂಟೆಗಳೂ ಇದರಲ್ಲಿ ಸೇರುತ್ತವೆಯೇ ಎಂದು ಸ್ಪಷ್ಟೀಕರಣ ಕೋರಬಹುದು. ಅದಕ್ಕೂ ನಿಗದಿತ ನಮೂನೆ ಕೇಳುತ್ತಾರೆ, ಮೂರು ಪ್ರತಿ.

ಶನಿವಾರ ಅರ್ಧ ದಿನ. ಬಾಗಿಲಿಗೆ ಬೀಗ ಬೀಳುವಾಗ ಮೊಬೈಲು ಸದ್ದು ಮಾಡುತ್ತದೆ: ಕಲಿಕೆಯಲ್ಲಿ ಹಿಂದುಳಿದ ಮಕ್ಕಳ ಪಟ್ಟಿ, ಕಾರಣ ಸಹಿತ, ಇಂದೇ. ಕಾರಣದ ಕಾಲಂನಲ್ಲಿ ಮೂರು ಆಯ್ಕೆ: ಗೈರುಹಾಜರಿ, ಅನಾರೋಗ್ಯ, ಪೋಷಕರ ನಿರಾಸಕ್ತಿ. ಕೆಳಗೆ 'ಇತರೆ' ಕೂಡ ಇದೆ. ಅದನ್ನು ಒತ್ತಿದರೆ ಫಾರಂ ಸಬ್ಮಿಟ್ ಆಗುವುದಿಲ್ಲ.