ಬಾಯಿ ನೋಡದೆ ಹಲ್ಲು ಬಿಳಿ ಮಾಡುವವರ ಬಗ್ಗೆ

ಸಿಟ್ಟು ಇನ್ನೂ ಇಳಿದಿಲ್ಲ. ಇವತ್ತೇ ಬರೆದುಬಿಡುತ್ತೇನೆ. ನಾಳೆಗೆ ಬಿಟ್ಟರೆ ಕ್ಲಿನಿಕ್ಕು, ಮನೆ, ಮಕ್ಕಳ ಪರೀಕ್ಷೆ ಅಂತ ಹಾಗೇ ಮುಂದಕ್ಕೆ ಹೋಗುತ್ತದೆ.

ಸಂಜೆ ಇನ್ನೇನು ಬಾಗಿಲು ಹಾಕಬೇಕು, ಅಷ್ಟರಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಜಗಳೂರು ಕಡೆಯವರು. ಬರುವ ವಾರ ಹುಡುಗಿಯ ಮದುವೆ. ಹುಡುಗಿ ಬಾಯಿಗೆ ಕರ್ಚೀಫು ಒತ್ತಿಕೊಂಡೇ ಚೇರಿನ ಮೇಲೆ ಕೂತಳು. "ಗಾಳಿ ತಾಗಿದ್ರೂ ಜುಮ್ ಅಂತೈತ್ರಿ ಮೇಡಂ" ಅಂದಳು. ಲೈಟ್ ಹಾಕಿ ನೋಡಿದೆ. ಮುಂದಿನ ಹಲ್ಲುಗಳ ಬುಡದಲ್ಲಿ ವಸಡಿನ ಅಂಚು ಪೂರ್ತಿ ಬಿಳಿಚಿಕೊಂಡಿತ್ತು. ಒಂದು ಕಡೆ ಸಿಪ್ಪೆ ಏಳುತ್ತಿತ್ತು. ಜೆಲ್ ತಾಗಿ ಸುಟ್ಟ ಗಾಯ.

ಕೇಳಿದರೆ, ಪಾರ್ಲರಿನ ಮದುವೆ ಪ್ಯಾಕೇಜಿನಲ್ಲಿ ಹಲ್ಲು ಬಿಳಿ ಮಾಡುವುದೂ ಸೇರಿತ್ತಂತೆ. ಫೇಶಿಯಲ್, ಮೆಹಂದಿ, ಕೂದಲಿಗೆ ಸ್ಪಾ, ಜೊತೆಗೆ ಟೀತ್ ವೈಟ್ನಿಂಗ್. ಹಲ್ಲಿಗೆ ಜೆಲ್ ಬಳಿದು, ನೀಲಿ ಲೈಟ್ ಇಟ್ಟು ಒಂದು ಗಂಟೆ ಕೂರಿಸಿದರಂತೆ. ವಸಡಿಗೆ ರಕ್ಷಣೆಗೆ ಅಂತ ಏನೂ ಹಚ್ಚಿರಲಿಲ್ಲ. ಜೆಲ್ ಯಾವುದು, ಅದರಲ್ಲಿ ಔಷಧ ಎಷ್ಟು ಪರ್ಸೆಂಟ್ ಇತ್ತು, ತಾಯಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ.

"ಹಚ್ಚೋಕೆ ಮುಂಚೆ ಯಾರಾದ್ರೂ ನಿನ್ನ ಬಾಯಿ ನೋಡಿದ್ರೇನವ್ವಾ?" ಅಂದೆ.

"ಇಲ್ರಿ ಮೇಡಂ. ಶೇಡ್ ಕಾರ್ಡ್ ಹಿಡಿದು ಯಾವ ಬಿಳಿ ಬೇಕು ಅಂತ ಕೇಳಿದ್ರು."

ನನಗೆ ಸಿಟ್ಟು ಬಂದಿದ್ದು ಇದಕ್ಕೆ. ಗಾಯ ಕೆಲವೇ ದಿನದಲ್ಲಿ ಮಾಯುತ್ತದೆ, ಜುಮ್ಮೆನ್ನುವುದೂ ನಿಲ್ಲುತ್ತದೆ, ಅದಕ್ಕೆ ಪೇಸ್ಟ್ ಕೊಟ್ಟು ಕಳಿಸಿದ್ದೇನೆ. ಆದರೆ ಆ ಹುಡುಗಿಯ ಹಲ್ಲಿನ ಮೇಲಿದ್ದಿದ್ದು ಕೊಳೆ ಅಲ್ಲ, ಟೀ ಕಲೆಯೂ ಅಲ್ಲ. ಅದು ಫ್ಲೋರೋಸಿಸ್, ನೀರಿನ ಫ್ಲೋರೈಡ್‌ನಿಂದ ಹಲ್ಲಿನೊಳಗೇ ಆದ ಕಲೆ. ಲೈಟ್ ಇಟ್ಟು ನೋಡುವವರಿಗೆ ಅದನ್ನು ಗುರುತಿಸಲು ಒಂದು ನಿಮಿಷವೂ ಬೇಡ. ಅಷ್ಟೂ ಮಾಡದೆ ದುಡ್ಡು ತಗೊಂಡಿದ್ದಾರೆ. ಬ್ಲೀಚ್ ಮಾಡಿದ ಮೇಲೆ ಕಂದು ಕಲೆ ಸ್ವಲ್ಪ ತಿಳಿಯಾಗಿದೆ ನಿಜ, ಆದರೆ ಬಿಳಿ ಮಚ್ಚೆಗಳು ಮೊದಲಿಗಿಂತ ಎದ್ದು ಕಾಣುತ್ತಿವೆ. ತಾಯಿ ಅಳುವುದೊಂದು ಬಾಕಿ.

ನಮ್ಮ ದಾವಣಗೆರೆ ಜಿಲ್ಲೆಯಲ್ಲಿ, ಪಕ್ಕದ ಚಿತ್ರದುರ್ಗದಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ದಾಟಬಾರದು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಒಪ್ಪಬಹುದು ಅಂತ ನಮ್ಮ ದೇಶದ ಮಾನದಂಡ ಹೇಳುತ್ತದೆ. ಜಗಳೂರು ಕಡೆ, ದುರ್ಗದ ಕಡೆ ಅದನ್ನು ದಾಟಿದ ಬೋರ್‌ಗಳು ಬೇಕಾದಷ್ಟಿವೆ. ದವಡೆಯೊಳಗೆ ಹಲ್ಲು ತಯಾರಾಗುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಆ ನೀರು ಕುಡಿದ ಮಕ್ಕಳ ಎನಾಮಲ್, ಅಂದರೆ ಹಲ್ಲಿನ ಹೊರ ಪದರ, ಸರಿಯಾಗಿ ಗಟ್ಟಿಯಾಗುವುದಿಲ್ಲ. ಹಲ್ಲು ಹುಟ್ಟುವಾಗಲೇ ಸುಣ್ಣದ ಮಚ್ಚೆ, ಆಮೇಲೆ ಕಂದು ಬಣ್ಣ. ಎಷ್ಟು ಉಜ್ಜಿದರೂ ಹೋಗದು, ಯಾಕಂದರೆ ಅದು ಮೇಲೆ ಅಂಟಿದ್ದಲ್ಲ. ಹಾಗೆಯೇ ಇನ್ನೊಂದು ಮಾತು. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಐದು ರೂಪಾಯಿ ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಿಂದಲೇ ಕ್ಯಾನ್ ತುಂಬಿಸಿ ತನ್ನಿ.

ನನ್ನ ಹಲ್ಲು ನೋಡಿದವರಿಗೆ ಗೊತ್ತು, ನಾನೂ ಅದೇ ನೀರು ಕುಡಿದು ಬೆಳೆದವಳು. ಪಿಯುಸಿವರೆಗೆ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ನಕ್ಕಿದ್ದೇನೆ. ಗ್ರೂಪ್ ಫೋಟೋದಲ್ಲಿ ತುಟಿ ಬಿಗಿ ಹಿಡಿದಿದ್ದೇನೆ. "ಹಲ್ಲು ಉಜ್ಜಲ್ವಾ" ಅಂತ ಕೇಳಿದ ಮೇಷ್ಟ್ರ ಮುಖ ಇವತ್ತಿಗೂ ನೆನಪಿದೆ. ಈ ಕೆಲಸಕ್ಕೆ ಬಂದಿದ್ದಕ್ಕೆ ಅದೂ ಒಂದು ಕಾರಣ. ಹಾಗಾಗಿ "ಹಲ್ಲು ಬಿಳಿ ಮಾಡಿಸಿಕೊಳ್ಳೋದು ಶೋಕಿ" ಅಂತ ನಾನು ಯಾವತ್ತೂ ಹೇಳುವುದಿಲ್ಲ. ಮದುವೆಗೆ ಮುಂಚೆ ಚೆನ್ನಾಗಿ ಕಾಣಬೇಕು ಅನ್ನುವ ಆಸೆ ತಪ್ಪಲ್ಲ. ಮೂವತ್ತಾಗಲಿ, ಅರವತ್ತಾಗಲಿ, ಬಾಯ್ತುಂಬ ನಗಬೇಕು ಅನ್ನುವುದು ನ್ಯಾಯವಾದ ಆಸೆ. ಅದಕ್ಕೇ ಇಷ್ಟು ಸಂಕಟ. ಆ ಆಸೆ ಇಟ್ಟುಕೊಂಡು ಬಂದವರ ಬಾಯಿಯನ್ನು ನೋಡದೆಯೇ ರೇಟು ಹೇಳುತ್ತಾರಲ್ಲ!

ಹಲ್ಲು ಹಳದಿಯಾಗಲು ಕಾರಣ ಒಂದಲ್ಲ. ಟೀ, ಕಾಫಿ, ಎಲೆ-ಅಡಿಕೆ, ತಂಬಾಕಿನ ಕಲೆ ಹೊರಗೆ ಕೂರುತ್ತದೆ. ಕ್ಲೋರ್‌ಹೆಕ್ಸಿಡಿನ್ ಇರುವ ಮೌತ್‌ವಾಶ್ ಅನ್ನು ತಿಂಗಳುಗಟ್ಟಲೆ ಬಳಸಿದವರ ಹಲ್ಲೂ ಕಂದಾಗುತ್ತದೆ. ಇವರಿಗೆ ಬ್ಲೀಚೇ ಬೇಕಾಗಿಲ್ಲ, ಎಷ್ಟೋ ಸಲ ಕ್ಲೀನಿಂಗ್ ಮಾಡಿದರೆ ಮುಗಿಯಿತು. ವಯಸ್ಸಾದಂತೆ ಎನಾಮಲ್ ಸವೆದು ಒಳಗಿನ ಡೆಂಟಿನ್ ಕಾಣುತ್ತದೆ. ಡೆಂಟಿನ್ನಿನ ಬಣ್ಣವೇ ಹಳದಿ. ಅದು ಕಾಯಿಲೆ ಅಲ್ಲ. ಬೇಕಿದ್ದರೆ ಬ್ಲೀಚ್ ಮಾಡಬಹುದು, ಚೆನ್ನಾಗಿ ಕೆಲಸ ಮಾಡುವುದೂ ಇಂಥವರಿಗೇ. ಚಿಕ್ಕವರಿದ್ದಾಗ ಟೆಟ್ರಾಸೈಕ್ಲಿನ್ ಮಾತ್ರೆ ತಿಂದವರ ಬೂದು ಪಟ್ಟಿ ತಿಂಗಳುಗಟ್ಟಲೆ ಮಾಡಿದರೂ ಪೂರ್ತಿ ಹೋಗದೇ ಇರಬಹುದು. ಎಲ್ಲಾ ಹಲ್ಲು ಚೆನ್ನಾಗಿದ್ದು ಒಂದೇ ಹಲ್ಲು ಕಪ್ಪಾಗುತ್ತಿದ್ದರೆ ಅದರ ನರ ಸತ್ತಿರುವ ಸಾಧ್ಯತೆ ಜಾಸ್ತಿ. ಯಾವತ್ತೋ ಬಿದ್ದು ಪೆಟ್ಟಾಗಿರುತ್ತದೆ. ಅಲ್ಲಿ ಮೊದಲು ಎಕ್ಸ್‌ರೇ, ರೂಟ್ ಕೆನಾಲ್. ಆಮೇಲೆ ಹಲ್ಲಿನ ಒಳಗಿನಿಂದಲೇ ಬಿಳಿ ಮಾಡುವುದು. ಹೊರಗಿನಿಂದ ಎಷ್ಟು ಜೆಲ್ ಬಳಿದರೂ ಪ್ರಯೋಜನ ಇಲ್ಲ.

ಇಷ್ಟು ಥರದ ಬಾಯಿಗೂ ಒಂದೇ ಪ್ಯಾಕೇಜ್. ಹೇಗೆ ಸಾಧ್ಯ?

ಜೆಲ್‌ನಲ್ಲಿ ಇರುವುದು ಹೈಡ್ರೋಜನ್ ಪೆರಾಕ್ಸೈಡ್, ಇಲ್ಲವೇ ಅದನ್ನೇ ಬಿಡುವ ಕಾರ್ಬಮೈಡ್ ಪೆರಾಕ್ಸೈಡ್. ಅದು ಎನಾಮಲ್ ದಾಟಿ ಒಳಗೆ ಹೋಗಿ ಬಣ್ಣದ ಕಣಗಳನ್ನು ಒಡೆಯುತ್ತದೆ. ಕ್ಲಿನಿಕ್‌ನಲ್ಲಿ ನಾವು ಬಳಸುವುದು ಸಾಮಾನ್ಯವಾಗಿ 25ರಿಂದ 40 ಪರ್ಸೆಂಟ್ ಹೈಡ್ರೋಜನ್ ಪೆರಾಕ್ಸೈಡ್. ಚರ್ಮಕ್ಕೆ ತಾಗಿದರೆ ಸುಡುವಷ್ಟು ಖಾರ. ಅದಕ್ಕೇ ಮೊದಲು ವಸಡಿನ ಉದ್ದಕ್ಕೂ ಒಂದು ಅಂಟು ಬಳಿದು, ಲೈಟ್ ಹಿಡಿದು ಗಟ್ಟಿ ಮಾಡಿ, ಆಮೇಲೆ ಜೆಲ್ ಹಚ್ಚುತ್ತೇವೆ. ಮಧ್ಯೆ ಮಧ್ಯೆ ತೆಗೆದು ಹೊಸದು ಹಾಕುತ್ತೇವೆ. ಪಕ್ಕದಲ್ಲೇ ನಿಂತಿರುತ್ತೇವೆ. ಇನ್ನು ಆ ನೀಲಿ ಲೈಟು. ನೋಡುವುದಕ್ಕೆ ಭಾರಿ ಕಾಣುತ್ತದೆ, ಅದಕ್ಕೇ ದುಡ್ಡು ಜಾಸ್ತಿ ಕೇಳುತ್ತಾರೆ. ಆದರೆ ಕೆಲಸ ಮಾಡುವುದು ಜೆಲ್. ಕೆಲವು ವಾರ ಕಳೆದ ಮೇಲೆ ನೋಡಿದರೆ ಲೈಟ್ ಹಾಕಿದವರಿಗೂ ಹಾಕದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರುವುದಿಲ್ಲ.

ನನ್ನನ್ನು ಕೇಳಿದರೆ ಅವಸರ ಇಲ್ಲದವರಿಗೆ ಮನೆಯಲ್ಲೇ ಹಾಕಿಕೊಳ್ಳುವ ಟ್ರೇ ಒಳ್ಳೆಯದು. ಹಲ್ಲಿನ ಅಳತೆ ತಗೊಂಡು ತೆಳ್ಳಗಿನ ಟ್ರೇ ಮಾಡಿಕೊಡುತ್ತೇವೆ. ಅದರಲ್ಲಿ 10ರಿಂದ 16 ಪರ್ಸೆಂಟ್ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್. 10 ಪರ್ಸೆಂಟ್ ಅಂದರೆ ಹೈಡ್ರೋಜನ್ ಪೆರಾಕ್ಸೈಡ್ ಲೆಕ್ಕದಲ್ಲಿ ಸುಮಾರು 3.5 ಅಷ್ಟೇ. ರಾತ್ರಿ ಹಾಕಿಕೊಂಡು ಮಲಗುವುದು, ಎರಡು ವಾರದಲ್ಲಿ ಬಣ್ಣ ಬದಲಾಗುತ್ತದೆ. 1989ರಲ್ಲೇ ಈ ವಿಧಾನದ ಬಗ್ಗೆ ಪ್ರಕಟವಾಗಿದೆ, ಅವತ್ತಿನಿಂದ ಪ್ರಪಂಚದಾದ್ಯಂತ ಬಳಸುತ್ತಿದ್ದಾರೆ. ಜುಮ್ಮೆಂದರೆ ಒಂದು ದಿನ ಬಿಟ್ಟು ಒಂದು ದಿನ ಹಾಕಿಕೊಂಡರಾಯಿತು. ಆದರೆ ಮುಂದಿನ ವಾರ ಮದುವೆ ಇಟ್ಟುಕೊಂಡು ಬಂದರೆ ಇದು ಆಗುವುದಿಲ್ಲ. ಮದುವೆಗೆ ಒಂದೆರಡು ತಿಂಗಳು ಮೊದಲೇ ಬನ್ನಿ ಅಂತ ಎಷ್ಟು ಹೇಳಿದರೂ ಛತ್ರ, ಸೀರೆ, ಅಡುಗೆ ಭಟ್ಟರು ಎಲ್ಲಾ ಮುಗಿದ ಮೇಲೆ ಹಲ್ಲಿನ ನೆನಪಾಗುವುದು.

ದುಡ್ಡಿನ ಮಾತು. ನಮ್ಮ ಕಡೆ ಕ್ಲೀನಿಂಗ್‌ಗೆ ಸುಮಾರು ಸಾವಿರದಿಂದ ಎರಡು ಸಾವಿರ. ಮನೆಯ ಟ್ರೇಗೆ ನಾಲ್ಕರಿಂದ ಎಂಟು ಸಾವಿರ. ಕ್ಲಿನಿಕ್‌ನಲ್ಲಿ ಕೂತು ಮಾಡಿಸಿಕೊಂಡರೆ ಆರರಿಂದ ಹದಿನೈದು ಸಾವಿರ, ಬೆಂಗಳೂರಿನಲ್ಲಿ ಅದಕ್ಕೂ ಮೇಲೆ. ಕ್ಲಿನಿಕ್‌ನಿಂದ ಕ್ಲಿನಿಕ್‌ಗೆ ವ್ಯತ್ಯಾಸ ಇದ್ದೇ ಇರುತ್ತದೆ. ಫ್ಲೋರೋಸಿಸ್‌ಗೆ ಮೈಕ್ರೋಅಬ್ರೇಶನ್ ಅಂತ ಇದೆ. ಆಸಿಡ್ ಮತ್ತು ಪ್ಯೂಮಿಸ್ ಪುಡಿಯಿಂದ ಎನಾಮಲ್‌ನ ಮೇಲಿನ ತೆಳು ಪದರ ತೆಗೆಯುವುದು. ನನ್ನ ಹಲ್ಲಿಗೆ ಮಾಡಿದ್ದು ಅದನ್ನೇ, ಕಾಲೇಜಿನಲ್ಲಿ ಓದುವಾಗ ನಮ್ಮ ಮೇಡಂ ಮಾಡಿಕೊಟ್ಟರು. ಅದಾದ ಮೇಲೆ ಬೇಕಿದ್ದರೆ ಬ್ಲೀಚ್. ತೀರಾ ಹಾಳಾಗಿದ್ದರೆ ಮಾತ್ರ ವಿನಿಯರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ. ಅದು ಹಲ್ಲಿಗೆ ಇಷ್ಟು ಅಂತ ಲೆಕ್ಕ, ದುಬಾರಿ, ಸಾಮಾನ್ಯವಾಗಿ ಹಲ್ಲನ್ನು ಸ್ವಲ್ಪ ಉಜ್ಜಿ ತೆಗೆಯಬೇಕಾಗುತ್ತದೆ. ಒಮ್ಮೆ ತೆಗೆದ ಎನಾಮಲ್ ವಾಪಸ್ ಬರುವುದಿಲ್ಲ.

ಕ್ಯಾಪ್ ಹಾಕಿಸಿಕೊಂಡವರು, ಮುಂದಿನ ಹಲ್ಲಿಗೆ ಸಿಮೆಂಟ್ ತುಂಬಿಸಿಕೊಂಡವರು ಗಮನಿಸಿ. ಬ್ಲೀಚ್ ಹಚ್ಚಿದರೆ ಅವು ಬೆಳ್ಳಗಾಗುವುದಿಲ್ಲ. ಸುತ್ತಲಿನ ಹಲ್ಲು ಬಿಳಿಯಾಗಿ ಅದೊಂದು ಹಳದಿ ಉಳಿಯುತ್ತದೆ. ಬಾಯಿ ನೋಡದೆ ಜೆಲ್ ಹಚ್ಚುವವರಿಗೆ ಇದನ್ನು ಯಾರು ಹೇಳಬೇಕು? ಹುಳುಕು ಇದ್ದರೆ, ಬಿರುಕು ಇದ್ದರೆ, ವಸಡಲ್ಲಿ ರಕ್ತ ಬರುತ್ತಿದ್ದರೆ ಮೊದಲು ಅದು ಸರಿಯಾಗಬೇಕು. ಬಸುರಿಯರು, ಹಾಲೂಡಿಸುವ ತಾಯಂದಿರು ಮುಂದೂಡುವುದೇ ಒಳ್ಳೆಯದು. ಹದಿನೆಂಟು ತುಂಬದ ಮಕ್ಕಳಿಗೆ ಬೇಡ. ಎಲ್ಲಾ ಸರಿಯಾಗಿ ಮಾಡಿಸಿಕೊಂಡರೂ ಅದು ಶಾಶ್ವತ ಅಲ್ಲ. ದಿನಕ್ಕೆ ಐದಾರು ಟೀ ಕುಡಿಯುವವರಿಗೆ ವರ್ಷದೊಳಗೇ ಬಣ್ಣ ಇಳಿಯಬಹುದು.

ಇನ್ನು ನನ್ನ ಮನಸ್ಸನ್ನು ಕೊರೆಯುತ್ತಿರುವ ಇನ್ನೊಂದು ವಿಷಯ ಹೇಳಲೇಬೇಕು.

ಈಚೆಗೆ ಚನ್ನಗಿರಿ ಕಡೆಯ ಒಬ್ಬ ಹುಡುಗ ಬಂದಿದ್ದ. ಹೆಣ್ಣು ನೋಡುವುದಕ್ಕೆ ಹೋಗಬೇಕಂತೆ, ಹಲ್ಲು ಕೆಂಪಾಗಿವೆ, ಬಿಳಿ ಮಾಡಿಕೊಡಿ ಅಂದ. ಆನ್‌ಲೈನಲ್ಲಿ ತರಿಸಿದ ಹಲ್ಲು ಬಿಳಿ ಮಾಡುವ ಪಟ್ಟಿ ಅಂಟಿಸಿ ನೋಡಿದ್ದನಂತೆ, ಆಗಿಲ್ಲ. ಬಾಯಿ ತೆಗೆಯಪ್ಪಾ ಅಂದೆ. ತೆಗೆದ. ಇನ್ನೂ ತೆಗಿ ಅಂದೆ. "ಇಷ್ಟೇ ಬರೋದು ಮೇಡಂ" ಅಂದ. ಮೂರು ಬೆರಳು ಹೋಗಬೇಕಾದ ಕಡೆ ಎರಡು ಕಷ್ಟದಲ್ಲಿ ಹೋದವು. ಕೆನ್ನೆಯ ಒಳಗೆ ಮುಟ್ಟಿದರೆ ಮೆತ್ತಗಿರಬೇಕಾದ ಜಾಗದಲ್ಲಿ ಬಿಗಿಯಾದ ಬಿಳಿ ಪಟ್ಟಿಗಳು. ಖಾರ ತಿಂದರೆ ಉರಿಯುತ್ತಾ ಅಂತ ಕೇಳಿದೆ. ಬಹಳ ದಿನದಿಂದ ಮಿರ್ಚಿ ಮಂಡಕ್ಕಿ ಬಿಟ್ಟೇಬಿಟ್ಟಿದ್ದೇನೆ ಅಂದ. ದಾವಣಗೆರೆ ಜಿಲ್ಲೆಯ ಹುಡುಗ ಮಿರ್ಚಿ ಬಿಟ್ಟಿದ್ದಾನೆ ಅಂದರೆ ಆ ಉರಿ ಎಷ್ಟಿರಬೇಕು, ನೀವೇ ಯೋಚನೆ ಮಾಡಿ.

ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಬಾಯಿಯ ಒಳಚರ್ಮ ಬಿಗಿದುಕೊಂಡು ಬಾಯಿ ತೆರೆಯದಂತಾಗುವ ಕಾಯಿಲೆ. ಅಡಿಕೆ ಜಗಿಯುವುದರಿಂದ ಬರುವುದು. ಮುಂದೆ ಕ್ಯಾನ್ಸರ್‌ಗೆ ತಿರುಗಬಹುದಾದ ಕಾಯಿಲೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ, ಎರಡನ್ನೂ ಅಂಗೈಯಲ್ಲಿ ಬೆರೆಸಿ ಬಾಯಿಗೆ ಹಾಕುತ್ತಾರೆ. ಅಡಿಕೆಯ ಬಗ್ಗೆ ಹೀಗೆ ಬರೆದರೆ ನಮ್ಮ ತೋಟದ ಗೆಳೆಯರಿಗೆ ಬೇಸರ ಆಗುತ್ತದೆ, ಗೊತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಅಂತ ಪ್ರಕಟಿಸಿ ಎಷ್ಟೋ ವರ್ಷವಾಯಿತು. ದಿನಾ ಬಾಯಿ ನೋಡುವ ನಾನು ಅದನ್ನು ಮುಚ್ಚಿಡಲಾರೆ. ಆ ಹುಡುಗನಿಗೆ ಬ್ಲೀಚ್ ಮಾಡಲಿಲ್ಲ, ಡೆಂಟಲ್ ಕಾಲೇಜಿಗೆ ಕಳಿಸಿದೆ. ಅವನೇನಾದರೂ ಪ್ಯಾಕೇಜ್ ಅಂಗಡಿಗೆ ಹೋಗಿದ್ದರೆ? ಹಲ್ಲು ಬೆಳ್ಳಗೆ ಮಾಡಿ ಕಳಿಸುತ್ತಿದ್ದರು. ಕೆನ್ನೆಯೊಳಗೆ ಯಾರೂ ಕೈ ಹಾಕುತ್ತಿರಲಿಲ್ಲ.

"ಡಾಕ್ಟರುಗಳು ದುಡ್ಡು ಜಾಸ್ತಿ ಕೇಳ್ತೀರಿ, ಅದಕ್ಕೇ ಜನ ಪಾರ್ಲರಿಗೆ ಹೋಗ್ತಾರೆ" ಅಂತ ಕಮೆಂಟ್ ಬರುತ್ತದೆ. ಸುಮ್ನೆ ಕೇಳುವವರೂ ಇದ್ದಾರೆ, ನೊಂದು ಕೇಳುವವರೂ ಇದ್ದಾರೆ. ನಮ್ಮವರಲ್ಲೂ ಬೋರ್ಡ್ ಹಾಕಿ ಆಫರ್ ಕೊಡುವವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಅವರ ಮೇಲೂ ನನಗೆ ಅಷ್ಟೇ ಸಿಟ್ಟಿದೆ. ಆದರೆ ಆ ತಾಯಿ ಪಾರ್ಲರಿಗೆ ಹಲ್ಲಿಗೆ ಅಂತಲೇ ಕೊಟ್ಟ ದುಡ್ಡಿನಲ್ಲಿ ನಮ್ಮೂರಿನ ಯಾವುದೇ ಕ್ಲಿನಿಕ್‌ನಲ್ಲಿ ತಪಾಸಣೆ, ಕ್ಲೀನಿಂಗ್ ಎರಡೂ ಮುಗಿದು ಮಿಗುತ್ತಿತ್ತು. ಅಗ್ಗ ಅಂತ ಹೋಗಿ ಎರಡು ಸಲ ಖರ್ಚಾಯಿತು. "ನಮ್ಮ ಹಲ್ಲು, ನಮ್ಮಿಷ್ಟ" ಅನ್ನುವವರಿಗೂ ಅದೇ ಮಾತು. ಇಷ್ಟ ನಿಮ್ಮದೇ. ಆದರೆ ಹಚ್ಚುತ್ತಿರುವುದು ಏನು, ಎಷ್ಟು ಪರ್ಸೆಂಟ್, ಯಾಕೆ ಅಂತ ನಿಮಗೆ ಹೇಳಿರಬೇಕಲ್ಲವಾ?

ಯೂರೋಪಿನಲ್ಲಿ 2012ರಿಂದ ಈ ಬಗ್ಗೆ ನಿಯಮ ಇದೆ. 0.1 ಪರ್ಸೆಂಟ್ ದಾಟಿದ ಪೆರಾಕ್ಸೈಡ್ ಇರುವ ಬಿಳಿ ಮಾಡುವ ಜೆಲ್ ಅಂಗಡಿಯಲ್ಲಿ ನೇರವಾಗಿ ಮಾರುವಂತಿಲ್ಲ. 6 ಪರ್ಸೆಂಟ್‌ವರೆಗಿನದನ್ನು ಹಲ್ಲಿನ ಡಾಕ್ಟರಿಗೆ ಮಾತ್ರ ಮಾರಬೇಕು, ಮೊದಲ ಸಲ ಹಚ್ಚುವುದು ಅವರ ಉಸ್ತುವಾರಿಯಲ್ಲೇ ಆಗಬೇಕು, ಹದಿನೆಂಟರೊಳಗಿನವರಿಗೆ ಬಳಸಬಾರದು. ನಮ್ಮಲ್ಲೂ ಕಾನೂನು ಇದೆ. ನೋಂದಣಿ ಇಲ್ಲದವರು ಹಲ್ಲಿನ ಚಿಕಿತ್ಸೆ ಮಾಡುವಂತಿಲ್ಲ. ಆದರೂ ಖಾರವಾದ ಪೆರಾಕ್ಸೈಡ್ ಜೆಲ್ ಪಾರ್ಲರಿನ ಮೇಜಿನ ಮೇಲೆ ಫೇಶಿಯಲ್ ಡಬ್ಬಿಯ ಪಕ್ಕ ಕೂತಿದೆ. ಆ ಹುಡುಗಿಯ ವಸಡಿನ ಫೋಟೋ ನನ್ನ ಹತ್ತಿರ ಇದೆ. ತಾಯಿ ಒಪ್ಪಿದರೆ ದೂರು ಬರೆದುಕೊಡುತ್ತೇನೆ, ಅವರಿಗೂ ಹಾಗೇ ಹೇಳಿದ್ದೇನೆ. ಮದುವೆ ಮುಗಿಯಲಿ ಅಂದಿದ್ದಾರೆ.

ಇದನ್ನು ಓದಿ ಇನ್‌ಬಾಕ್ಸ್‌ಗೆ ಹಲ್ಲಿನ ಫೋಟೋ ಕಳಿಸಿ "ಎಷ್ಟಾಗುತ್ತೆ ಮೇಡಂ" ಅಂತ ಕೇಳಬೇಡಿ. ಫೋನಿನ ಫೋಟೋದಲ್ಲಿ ಕಲೆ ಹೊರಗಿನದೋ ಒಳಗಿನದೋ ಸರಿಯಾಗಿ ಗೊತ್ತಾಗುವುದಿಲ್ಲ, ನಾನು ರೇಟು ಹೇಳುವುದೂ ಇಲ್ಲ. ನಿಮ್ಮ ಮನೆಗೆ ಹತ್ತಿರದ ಹಲ್ಲಿನ ಡಾಕ್ಟರ ಹತ್ತಿರ ಹೋಗಿ. ದುಡ್ಡಿಗೆ ತೊಂದರೆ ಇದ್ದರೆ ದಾವಣಗೆರೆಯಲ್ಲೇ ಎರಡು ಡೆಂಟಲ್ ಕಾಲೇಜುಗಳಿವೆ, ಬಾಪೂಜಿ ಮತ್ತು ಕಾಲೇಜ್ ಆಫ್ ಡೆಂಟಲ್ ಸೈನ್ಸಸ್. ದುರ್ಗದವರಿಗೆ ಎಸ್‌ಜೆಎಂ ಇದೆ. ಕ್ಲಿನಿಕ್‌ಗಿಂತ ಕಡಿಮೆ ದುಡ್ಡಿನಲ್ಲಿ ಆಗುತ್ತದೆ, ಸಮಯ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ಅಲ್ಲಿ ಮೊದಲು ಬಾಯಿ ತೆಗೆಸಿ ನೋಡುತ್ತಾರೆ.