ಚಪ್ಪಾಳೆ ತಟ್ಟೋಕೂ ಸ್ಪೋರ್ಟ್ಸ್ ಫೀಸಾ?

ನಿನ್ನೆ ಅಕ್ಕನ ಮಗನ ಕಾಲೇಜಿನ ಸ್ಪೋರ್ಟ್ಸ್ ಡೇಗೆ ಹೋಗಿದ್ದೆ. ಇಲ್ಲೇ ಮೈಸೂರಲ್ಲೇ. ಕಾಲೇಜಿನ ಹೆಸರು ಹೇಳಲ್ಲ, ಹೇಳಿದರೆ ಅಕ್ಕ ಮನೆಗೆ ಸೇರಿಸಲ್ಲ. ಓಟಕ್ಕೂ ಅದೇ ಹತ್ತಿಪ್ಪತ್ತು ಹುಡುಗರು, ಕಬಡ್ಡಿಗೂ ಅವರೇ. ಉಳಿದ ಇಡೀ ಕಾಲೇಜು ಶಾಮಿಯಾನದ ಕೆಳಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಮೊಬೈಲ್ ನೋಡುತ್ತಿತ್ತು. ಮೈಕಿನಲ್ಲಿ ಹೇಳಿದಾಗ ಚಪ್ಪಾಳೆ. ಫಿಸಿಕಲ್ ಡೈರೆಕ್ಟರ್ ಎಲ್ಲಿದ್ದರು ಗೊತ್ತಾ? ಗೇಟಿನಲ್ಲಿ. ಕೊರಳಲ್ಲಿ ವಿಶಲ್ ನೇತಾಕಿಕೊಂಡು ಐಡಿ ಕಾರ್ಡ್ ಚೆಕ್ ಮಾಡುತ್ತಿದ್ದರು.

ಮುಖ್ಯ ಅತಿಥಿಗಳು ಜಾವಗಲ್ ಶ್ರೀನಾಥ್ ಹೆಸರು ಎತ್ತಿದರು. ಮೈಸೂರಲ್ಲಿ ಆಟದ ಬಗ್ಗೆ ಭಾಷಣ ಅಂದಮೇಲೆ ಎತ್ತಲೇಬೇಕಲ್ಲ. "ಇಲ್ಲೇ ಎಸ್‌ಜೆಸಿಇ ಕಾಲೇಜಲ್ಲಿ ಎಂಜಿನಿಯರಿಂಗ್ ಓದಿದವರು ಇಂಡಿಯಾ ಟೀಮಿಗೆ ಬೌಲಿಂಗ್ ಮಾಡಲಿಲ್ಲವೇ?" ಅಂದರು. ಮಾಡಿದರು ಸಾರ್, ನಮಗೂ ಹೆಮ್ಮೆನೇ. ಆದರೆ ಅಂಥವರು ಎಲ್ಲಿದ್ದರೂ ಮೈದಾನ ಹುಡುಕಿಕೊಂಡು ಹೋಗುತ್ತಾರೆ. ಮೂರನೇ ಸಾಲಿನಲ್ಲಿ ವೇಲ್ ಸರಿಮಾಡಿಕೊಳ್ಳುತ್ತಾ ಕೂತಿತ್ತಲ್ಲ ಒಂದು ಹುಡುಗಿ, ಹೈಸ್ಕೂಲ್ ಬಿಟ್ಟಮೇಲೆ ಬಸ್ಸು ಹಿಡಿಯೋಕೆ ಬಿಟ್ಟು ಇನ್ಯಾತಕ್ಕೂ ಓಡಿಲ್ಲವೇನೋ, ಅವಳಿಗೆ ಬೇಕಿರೋದು ದೈಹಿಕ ಶಿಕ್ಷಣ. ಕಪ್ ತರೋರಿಗಲ್ಲ. ಕಪ್ ತರೋರಿಗೆ ಕೋಚ್ ಬೇಕು, ಅದು ಬೇರೆ ವಿಷಯ.

ವಿಶ್ವ ಆರೋಗ್ಯ ಸಂಸ್ಥೆ ಪ್ರಕಾರ ಹದಿನೆಂಟು ದಾಟಿದವರು ವಾರಕ್ಕೆ ಕನಿಷ್ಠ 150 ನಿಮಿಷ ಸ್ವಲ್ಪ ಉಸಿರು ಜಾಸ್ತಿ ಆಗುವಷ್ಟಾದರೂ ಮೈ ಬಗ್ಗಿಸಬೇಕು. ಇದರ ಜೊತೆಗೆ ವಾರದಲ್ಲಿ ಎರಡು ದಿನ ಮಾಂಸಖಂಡಕ್ಕೆ ಕೆಲಸ ಕೊಡೋ ವ್ಯಾಯಾಮ. 2022ರ ಲೆಕ್ಕದಲ್ಲಿ ನಮ್ಮ ದೇಶದ ದೊಡ್ಡವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಷ್ಟೂ ಮಾಡಲ್ಲ. ಹೆಂಗಸರಲ್ಲಂತೂ ಇದು ನೂರಕ್ಕೆ 57. ಮೂಳೆ ಗಟ್ಟಿಯಾಗೋದು ಇಪ್ಪತ್ತರ ಆಸುಪಾಸಿನ ವರ್ಷಗಳಲ್ಲಿ, ಆಮೇಲೆ ಇರೋದನ್ನ ಉಳಿಸಿಕೊಳ್ಳೋದಷ್ಟೇ. ಅಂಥಾ ವಯಸ್ಸಲ್ಲಿ ನಾವು ಅವರನ್ನ ಕುರ್ಚಿ ಹಾಕಿ ಕೂರಿಸಿದ್ದೇವೆ, ಬಿಸಿಲು ತಾಗದ ಹಾಗೆ ಶಾಮಿಯಾನ ಬೇರೆ.

ಮಂಡ್ಯದಲ್ಲಿ ನಾನು ಓದುತ್ತಿದ್ದಾಗಿನ ಕಥೆ ಇಲ್ಲಿ ಸುಮಾರು ಜನಕ್ಕೆ ಗೊತ್ತು. ನಾನು ಯಾವುದರಲ್ಲೂ ಗೆದ್ದವಳಲ್ಲ. ಆಗ ದಪ್ಪ ಇದ್ದೆ, ಹುಡುಗರ ಮುಂದೆ ಓಡೋದು ಅಂದರೆ ಸತ್ತೇ ಹೋಗುವಷ್ಟು ನಾಚಿಕೆ. ನಮ್ಮ ಪಿಟಿ ಮೇಡಂಗೆ ಅದು ಅರ್ಥವಾಗಿತ್ತು. ಹುಡುಗರು ಬರೋ ಮುಂಚೆ, ಬೆಳಗ್ಗೆ ಏಳಕ್ಕೆಲ್ಲಾ ನಮ್ಮನ್ನ ಗ್ರೌಂಡಿಗೆ ಕರೆಸಿ ಖೋ ಖೋ ಆಡಿಸುತ್ತಿದ್ದರು. ಆಟಕ್ಕೂ ಮೊದಲು ಬೀಳೋದು ಹೇಳಿಕೊಟ್ಟರು. ಕೈ ಊರಬಾರದು, ಭುಜ ಕೊಟ್ಟು ಉರುಳಬೇಕು. ನಾನು ಕಂಬದ ಹತ್ತಿರ ಹೆದರಿ ನಿಂತರೆ, "ಬಿದ್ರೆ ಏನವ್ವಾ ಆಯ್ತದೆ? ಮಣ್ಣು ತಾನೇ, ವದರ್ಕಂಡು ಏಳು" ಅನ್ನೋರು. ಲಂಗದ ಮೇಲೆ ಕೆಮ್ಮಣ್ಣು ಮೆತ್ತಿಕೊಂಡೇ ಫಸ್ಟ್ ಪೀರಿಯಡ್ ಎಕನಾಮಿಕ್ಸಿಗೆ ಹೋಗಿ ಕೂರುತ್ತಿದ್ದೆ. ಟೀಮಿಗೆ ನಾನು ಸೆಲೆಕ್ಟ್ ಆಗಲೇ ಇಲ್ಲ. ಅದಕ್ಕೆ ಅವರೂ ಬೇಜಾರು ಮಾಡಿಕೊಳ್ಳಲಿಲ್ಲ, ನಾನೂ ಮಾಡಿಕೊಳ್ಳಲಿಲ್ಲ. ಇವತ್ತು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವಾಗ ನಂದಿ ಹತ್ತಿರ ಕೂರದೇ ಮುಂದೆ ಹೋಗ್ತೀನಿ ಅಂದರೆ ಅದು ಆ ಮೇಡಂ ಪುಣ್ಯ. ಜಂಬ ಅಂದುಕೊಳ್ಳಿ ಪರವಾಗಿಲ್ಲ.

ಈಗ ಕೆಲವರು ಕಾಮೆಂಟಲ್ಲಿ ಬಂದೇ ಬರ್ತೀರ. "ಸೆಮಿಸ್ಟರ್ ಇರೋದೇ ನಾಲ್ಕು ತಿಂಗಳು, ಪೋರ್ಷನ್ ಮುಗಿಸೋದೇ ಕಷ್ಟ. ಬೇಕಾದವರು ಜಿಮ್ಮಿಗೆ ಹೋಗ್ತಾರೆ ಬಿಡಿ." ಪೋರ್ಷನ್ ಕಷ್ಟ ನಿಜ, ಒಪ್ತೀನಿ. ಆದರೆ ಎಥ್ನಿಕ್ ಡೇಗೆ ಒಂದು ವಾರ ಪ್ರಾಕ್ಟೀಸ್ ನಡೆಯೋವಾಗ ಪೋರ್ಷನ್ ಎಲ್ಲಿ ಹೋಗಿರುತ್ತೆ? ಇನ್ನು ಜಿಮ್ಮು. ಜಿಮ್ಮಿಗೆ ಹೋಗೋನು ಆಗಲೇ ವ್ಯಾಯಾಮದ ರುಚಿ ಹತ್ತಿದವನು. ರುಚಿ ಹತ್ತಿಸೋರು ಯಾರು? ಶ್ರೀರಂಗಪಟ್ಟಣದ ಕಡೆಯಿಂದ ಬೆಳಗ್ಗೆ ಬಸ್ಸಲ್ಲಿ ನಿಂತುಕೊಂಡು ಬಂದು ಸಂಜೆ ವಾಪಸ್ ಹೋಗೋ ಹುಡುಗಿ ಯಾವಾಗ ಜಿಮ್ಮಿಗೆ ಹೋಗ್ತಾಳೆ, ದುಡ್ಡು ಯಾರು ಕೊಡ್ತಾರೆ?

ಈ ಊರಿಗೆ ಇದೇನು ಹೊಸದಲ್ಲ ಕಣ್ರೀ. ಗರಡಿ ಮನೆಗಳಿದ್ದ ಊರು ಇದು. ದಸರಾ ಕುಸ್ತಿಗೆ ಇಳಿಯೋ ಪೈಲ್ವಾನರ ಜೊತೆಗೆ, ಯಾವತ್ತೂ ಅಖಾಡಕ್ಕೆ ಇಳಿಯದ ಬೀದಿ ಹುಡುಗರೂ ದಂಡ, ಬಸ್ಕಿ ಹೊಡೆದು ಬರುತ್ತಿದ್ದರು. (ಹುಡುಗಿಯರಿಗೆ ಅಲ್ಲೂ ಜಾಗ ಇರಲಿಲ್ಲ ಅನ್ನಿ.) ಪೈಲ್ವಾನ ಆಗದವನಿಗೆ ಗರಡಿ ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ. ಕಾಲೇಜುಗಳಲ್ಲಿ ಮಾತ್ರ ಯೂನಿವರ್ಸಿಟಿ ಬ್ಲೂ, ಅಂದರೆ ಯೂನಿವರ್ಸಿಟಿ ಪರ ಆಡೋ ಆಟಗಾರರು, ಆಗೋರಿಗಷ್ಟೇ ಗ್ರೌಂಡು. ಉಳಿದವರಿಗೆ ಅದು ಸುಮ್ನೆ ಪಾರ್ಕಿಂಗ್.

ದೈಹಿಕ ಶಿಕ್ಷಣಕ್ಕೂ ಬೇರೆ ಸಬ್ಜೆಕ್ಟಿನ ಹಾಗೆ ಕ್ರೆಡಿಟ್ ಕೊಟ್ಟುಬಿಟ್ಟರೆ ಸರಿಹೋಗುತ್ತೆ ಅಂತಲೂ ನನಗೆ ಅನ್ನಿಸಲ್ಲ. 2021ರಲ್ಲಿ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ನಮ್ಮ ರಾಜ್ಯಕ್ಕೆ ಬಂದಾಗ ಡಿಗ್ರಿಗೆ ಯೋಗ, ಕ್ರೀಡೆ ಅಂತ ಇಟ್ಟಿದ್ದರಲ್ಲ, ನನಗೆ ಗೊತ್ತಿರೋ ಒಬ್ಬ ಹುಡುಗ ಸೂರ್ಯ ನಮಸ್ಕಾರದ ಚಿತ್ರ ಬರೆದು ಕೊಟ್ಟು ಮಾರ್ಕ್ಸ್ ತಗೊಂಡ. ಚಿತ್ರ ಚೆನ್ನಾಗೇ ಇತ್ತು. ಬೇಕಿರೋದು ವಾರಕ್ಕೆ ಎರಡು ಗಂಟೆ, ಒಂದು ಥ್ರೋಬಾಲ್ ನೆಟ್ಟು, ಹುಡುಗಿಯರಿಗೆ ಬಟ್ಟೆ ಬದಲಾಯಿಸೋಕೆ ಚಿಲಕ ಇರೋ ಒಂದು ರೂಮು, ಮತ್ತೆ ಗೇಟ್ ಕಾಯದ ಒಬ್ಬ ಮೇಷ್ಟ್ರು.

ಮುಂದಿನ ವರ್ಷ ನನ್ನ ಮಗಳದ್ದೂ ಡಿಗ್ರಿ ಅಡ್ಮಿಷನ್. ರಸೀದಿಯಲ್ಲಿ ಸ್ಪೋರ್ಟ್ಸ್ ಫೀಸ್ ಅಂತ ಕಂಡ ತಕ್ಷಣ, ಗ್ರೌಂಡ್ ಬೀಗದ ಕೈ ಯಾರ ಹತ್ತಿರ ಇರುತ್ತೆ ಅಂತ ಕೌಂಟರಿನಲ್ಲೇ ಕೇಳೋಳು ನಾನು. "ಅಮ್ಮಾ, ಅಡ್ಮಿಷನ್‌ಗೆ ಅಪ್ಪ ಬರಲಿ" ಅಂತ ಅವಳು ಈಗಲೇ ಶುರು ಮಾಡಿದ್ದಾಳೆ.