ಕೈ ತೊಳೆಯಿರಿ ಅನ್ನುವುದು ಸುಲಭ

ಆಫ್ರಿಕಾದ ಮಲಾವಿ ದೇಶದ ಬ್ಲಾಂಟೈರ್ ನಗರಕ್ಕೆ ಬಂದ ಹೊಸತರಲ್ಲಿ, ಇಲ್ಲೇ ನೆಲೆಸಿರುವ ನಮ್ಮ ಕಡೆಯವರೊಬ್ಬರು ಹೇಳಿದ್ದರು: "ಇಲ್ಲಿ ಕಾಲರಾ ಯಾಕ ಬರ್ತದ ಅಂದ್ರ, ಈ ಮಂದಿ ಕೈ ತೊಳಿಯಂಗಿಲ್ರೀ." ನಾನೂ ಹೌದೆಂದು ತಲೆಯಾಡಿಸಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಬಡವರ ಬಸ್ತಿಗಳಲ್ಲಿ ಮನೆಯೊಳಗೆ ನಲ್ಲಿ ಅಪರೂಪ. ಬೀದಿ ಮೂಲೆಯ ಕಟ್ಟೆಯಲ್ಲಿ ಬಕೆಟ್ಟಿಗಿಷ್ಟು ಎಂದು ದುಡ್ಡು ಕೊಟ್ಟು ನೀರು ತರಬೇಕು. ಆ ನೀರಾದರೂ ಬರುವುದು ಶಿರೆ ನದಿಯಿಂದ: ಸುಮಾರು 40 ಕಿಲೋಮೀಟರ್ ದೂರ, 800 ಮೀಟರಿನಷ್ಟು ಏರು. ಕರೆಂಟ್ ಹೋದರೆ ನೀರೂ ಹೋಯಿತು. 2022ರ ಜನವರಿಯಲ್ಲಿ ಅನಾ ಚಂಡಮಾರುತ ಕಪಿಚಿರಾ ಅಣೆಕಟ್ಟೆಯನ್ನು ಒಡೆದಾಗ ದೇಶದ ವಿದ್ಯುತ್ತಿನಲ್ಲಿ ಮೂರನೇ ಒಂದು ಪಾಲಿನಷ್ಟು ಇಲ್ಲವಾಯಿತು. ಮಾರ್ಚಿನಲ್ಲಿ ಮಚಿಂಗಾ ಜಿಲ್ಲೆಯಲ್ಲಿ ಕಾಲರಾ. ಇದೊಂದೇ ಕಾರಣ ಅನ್ನಲಾರೆ. ಆದರೆ ಮಳೆ ನಿಂತ ಮೇಲೆ ಅಡಗುತ್ತಿದ್ದ ರೋಗ ಆ ಸಲ ಒಣ ತಿಂಗಳುಗಳನ್ನೂ ದಾಟಿ 29 ಜಿಲ್ಲೆಗಳಿಗೂ ಹಬ್ಬಿತು. 2023ರ ಜನವರಿಯಲ್ಲಿ ಬ್ಲಾಂಟೈರ್‌ನಲ್ಲಿ ಶಾಲೆ ತೆರೆಯುವುದನ್ನೇ ಮುಂದೂಡಿದರು. ಸತ್ತವರು 1,700ಕ್ಕೂ ಹೆಚ್ಚು, ಅಂದರೆ ರೋಗ ತಗುಲಿದವರಲ್ಲಿ ನೂರಕ್ಕೆ ಮೂವರು. ಹೊತ್ತಿಗೆ ಸರಿಯಾಗಿ ಓಆರ್‌ಎಸ್, ಸಲೈನ್ ಸಿಕ್ಕರೆ ನೂರಕ್ಕೆ ಒಬ್ಬರೂ ಸಾಯದ ಕಾಯಿಲೆ ಇದು.

ಅದೇ 2022ರ ಬೇಸಿಗೆಯಲ್ಲಿ ನನ್ನೂರು ರಾಯಚೂರಿನಲ್ಲಿ ನಲ್ಲಿಯ ನೀರು ಕುಡಿದು ಜನ ಸತ್ತರು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ! ಆಗ ಯಾರೂ ರಾಯಚೂರಿನವರಿಗೆ ಕೈ ತೊಳೆಯಲು ಬರುವುದಿಲ್ಲ ಅನ್ನಲಿಲ್ಲ. ಪೈಪು ಎಲ್ಲಿ ಒಡೆದಿದೆ, ಟ್ಯಾಂಕು ತೊಳೆದು ಎಷ್ಟು ವರ್ಷವಾಯಿತು ಎಂದು ಕೇಳಿದೆವು. ನಮಗೊಂದು ನ್ಯಾಯ, ಇವರಿಗೊಂದು ನ್ಯಾಯವೇ?

ಇಲ್ಲಿ ಹಳ್ಳಿಹಳ್ಳಿಗೆ ಸೈಕಲ್ಲಿನಲ್ಲಿ ಹೋಗಿ ಲಸಿಕೆ, ಮಲೇರಿಯಾ, ನೀರಿನ ಕ್ಲೋರಿನ್ ನೋಡಿಕೊಳ್ಳುವ ಆರೋಗ್ಯ ಸಹಾಯಕರಿದ್ದಾರೆ. ಆ ಹುದ್ದೆಯ ಮೂಲವೇ 1970ರ ದಶಕದ ಕಾಲರಾ ಸಹಾಯಕರು. ಸಾವಿರ ಜನಕ್ಕೊಬ್ಬರು ಎಂಬುದು ಲೆಕ್ಕ, ನಮ್ಮ ಆಶಾ ಕಾರ್ಯಕರ್ತೆಯರ ಹಾಗೆಯೇ. ವ್ಯತ್ಯಾಸವೆಂದರೆ ಇವರು ಸರ್ಕಾರಿ ಸಂಬಳದ ನೌಕರರು. ನಮ್ಮ ಆಶಾ ಅಕ್ಕಂದಿರು ಗೌರವಧನ ಹೆಚ್ಚಿಸಿ ಎಂದು ಫ್ರೀಡಂ ಪಾರ್ಕಿನಲ್ಲಿ ಕೂರುತ್ತಾರೆ. ಬಡ ದೇಶಕ್ಕೆ ಆದದ್ದು ನಮಗೇಕೆ ಆಗದು?

ಹಾಗಂತ ಇಲ್ಲಿ ಎಲ್ಲ ಚೆನ್ನ ಅಂತಲ್ಲ. ನಮ್ಮಲ್ಲಿ 108ಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತದೆ. ಇಲ್ಲಿ ಎಷ್ಟೋ ಹಳ್ಳಿಗಳಲ್ಲಿ ವಾಂತಿಭೇದಿಯಿಂದ ಬಸವಳಿದವರನ್ನು ಕಬಾಜಾದಲ್ಲಿ, ಅಂದರೆ ಬಾಡಿಗೆ ಸೈಕಲ್ಲಿನ ಕ್ಯಾರಿಯರ್ ಮೇಲೆ, ಆಸ್ಪತ್ರೆಗೆ ಒಯ್ಯಬೇಕು. ಆ ದಾರಿಯಲ್ಲೇ ಹೊತ್ತು ಮೀರುತ್ತದೆ.

ಮೊನ್ನೆ ಆ ನಮ್ಮ ಕಡೆಯವರ ಮನೆಗೆ ಊಟಕ್ಕೆ ಹೋಗಿದ್ದೆ. ಹಿತ್ತಲಲ್ಲಿ ಐದು ಸಾವಿರ ಲೀಟರಿನ ಕರಿ ಟ್ಯಾಂಕು. ಊರಲ್ಲಿ ಎರಡು ದಿನದಿಂದ ನೀರಿರಲಿಲ್ಲ. ನಾವು ಸೋಪು ಹಚ್ಚಿ ಕೈ ತೊಳೆದು ಕೂತೆವು. ಅಂಥದ್ದೇ ಟ್ಯಾಂಕು ನಮ್ಮ ಮನೆಯಲ್ಲೂ ಇದೆ.